ಚಂದ್ರಶಾಲೆಯ ಜೂನ್ ಸಂಚಿಕೆ

ಕೊಟ್ರಬಸಪ್ಪನ ಅಂಗಡಿಯಲ್ಲಿ ಕೆಳಗೆ ಸರಸ್ವತಿ, ಮೇಲೆ ರಂಭೆ ಎಂದು ಹೊಸಪೇಟೆಯ ಬಜಾರಿನವರು ನಗೆಯಾಡುತ್ತಿದ್ದರು. ಮಾತು ಸುಳ್ಳೇನಲ್ಲ. ಕೆಳಗೆ ಶಾಲೆಯ ನೋಟ್‌ಬುಕ್ಕು, ಪಾಟಿ, ಕಂಪಾಸು, ಕ್ಯಾಲೆಂಡರು. ಮೇಲೆ, ಮರದ ಏಣಿ ಹತ್ತಿ ತಲೆ ತಗ್ಗಿಸಿ ನುಗ್ಗಬೇಕಾದ ಅಟ್ಟದಲ್ಲಿ, ಗಂಡಸರ ಹಳೆಯ ಮಾಸಪತ್ರಿಕೆಗಳು. ಒಂದು ಕಾಲದ ಗಂಡಸರು ದಿಂಬಿನ ಕೆಳಗೆ, ಅಕ್ಕಿಮೂಟೆಯ ಹಿಂದೆ, ಬಚ್ಚಲಮನೆಯ ತೊಲೆಯ ಮೇಲೆ ಮುಚ್ಚಿಟ್ಟುಕೊಂಡು ಓದಿದ್ದನ್ನೆಲ್ಲ ಈ ಪುಣ್ಯಾತ್ಮ ಹುಡುಕಿ ತಂದು ವರ್ಷವಾರು ಜೋಡಿಸಿದ್ದ. ರದ್ದಿಯವರಿಗೆ ಹೇಳಿಟ್ಟಿದ್ದ, ಹಳೆಯ ಸಲೂನಿನವರಿಗೆ ಹೇಳಿಟ್ಟಿದ್ದ. ಪರಿಚಯದ ಹಿರಿಯರು ಯಾರಾದರೂ ತೀರಿಕೊಂಡರೆ ತಿಥಿಯ ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತ, "ಹಳೇ ಪೇಪರ್ ಏನಾರ ಅದಾವೇನ್ರಿ ಮನ್ಯಾಗ" ಎಂದು ಕೇಳುವಷ್ಟು ನಾಚಿಕೆ ಬಿಟ್ಟಿದ್ದ.

ಮನೆ ಇರುವುದು ಕಂಪ್ಲಿಯಲ್ಲಿ, ಅಣ್ಣತಮ್ಮಂದಿರ ಅಕ್ಕಿ ಗಿರಣಿಯ ಹಿಂದೆ. ಮದುವೆಯಾದ ಹೊಸದರಲ್ಲಿ ಅವನು ಇಂಥ ಒಂದು ಕಟ್ಟನ್ನು ಮನೆಗೆ ತಂದಾಗ ಹೆಂಡತಿ ಎರ್ರಮ್ಮ ಹೊಸ್ತಿಲಲ್ಲೇ ತಡೆದಿದ್ದಳು. "ಲಿಂಗಪೂಜಿ ಮಾಡೋ ಮನ್ಯಾಗ ಇವು ಬ್ಯಾಡ. ಒಂದು ಇವು ಇರಬೇಕು, ಇಲ್ಲಾ ನಾ ಇರಬೇಕು." ಹೀಗಾಗಿ ಪತ್ರಿಕೆಗಳು ಹೊಸಪೇಟೆಯಲ್ಲಿ, ಸಂಸಾರ ಕಂಪ್ಲಿಯಲ್ಲಿ, ಕೊಟ್ರಬಸಪ್ಪ ದಿನಾ ಎರಡರ ನಡುವಿನ ಬಸ್ಸಿನಲ್ಲಿ.

ಜತನ ಮಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ತುಕ್ಕು ಹಿಡಿದ ಪಿನ್ನುಗಳನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ ತೆಗೆದು, ಅವೇ ತೂತುಗಳಲ್ಲಿ ಬಿಳಿ ದಾರ ಹಾಯಿಸಿ ಕಟ್ಟುತ್ತಿದ್ದ. ಕಟ್ಟುಗಳ ನಡುವೆ ಒಣಗಿದ ಬೇವಿನ ಎಲೆ, ಬಜೆಯ ತುಂಡು. ಆ ವರ್ಷಗಳಲ್ಲಿ ಸಂಡೂರಿನ ಗುಡ್ಡಗಳೇ ಅದಿರಾಗಿ ಲಾರಿ ಹತ್ತಿ ಬಂದರಿನ ಕಡೆ ಹೊರಟಿದ್ದವಲ್ಲ, ದಾರಿಯುದ್ದಕ್ಕೂ ಉದುರಿದ ಕೆಂಪು ಧೂಳು ಊರಿನವರ ಮೂಗು, ಅನ್ನ, ದೇವರ ಫೋಟೋ ಯಾವುದನ್ನೂ ಬಿಡಲಿಲ್ಲ. ಅಂಥದ್ದರಲ್ಲಿ ಅಟ್ಟದ ಪತ್ರಿಕೆಗಳ ಮೇಲೆ ಮಾತ್ರ ಒಂದು ಕಣ ನಿಲ್ಲುತ್ತಿರಲಿಲ್ಲ. ಗಡ್ಡ ಮಾಡಿಕೊಳ್ಳುವ ಬ್ರಶ್ಶಿನಿಂದ ವಾರಕ್ಕೊಮ್ಮೆ ಒಂದೊಂದನ್ನೂ ಸವರಿ ಒಳಗಿಡುತ್ತಿದ್ದ.

"ಇದ್ರಾಗ ಬರೇ ಹೆಂಗಸರ ಚಿತ್ರ ಅದಾವಂತ ತಿಳೀಬ್ಯಾಡ್ರಿ," ಎಂದು ನೋಡಲು ಬಂದವರಿಗೆ ಪಾಠ ಶುರುವಾಗುತ್ತಿತ್ತು. "ಧೋತ್ರ ಉಡೋ ಗಂಡಸು ಪ್ಯಾಂಟ್ ಹಾಕ್ಕೊಳ್ಳೋದು ಯಾವಾಗ ಕಲ್ತ, ಬೀಡಿ ಬಿಟ್ಟು ಸಿಗರೇಟ್ ಯಾವಾಗ ಹಿಡ್ದ, ಎಲ್ಲಾ ಇದ್ರಾಗ ಐತಿ. ಡಾಕ್ಟರಿಗೆ ಬರ್ದ ಪ್ರಶ್ನೆ ಓದ್ರಿ. ಹೇಣ್ತಿ ಕೂಡ ಹೆಂಗ ಮಾತಾಡ್ಬೇಕಂತ ಕೇಳ್ಯಾರ! ನಮ್ಮ ಅಪ್ಪಂದಿರು ಒಳಗೊಳಗ ಎಷ್ಟು ಅಂಜಿದ್ರು ಅನ್ನೋದು ಬ್ಯಾರೆ ಯಾವ ಪುಸ್ತಕದಾಗೂ ಸಿಗಂಗಿಲ್ಲ."

ವಿಶ್ವವಿದ್ಯಾಲಯದವರು ಕೂಡ ಒಮ್ಮೆ ಬಂದು, ಇದು ನಾಡಿನ ಆಸ್ತಿ, ಹುಷಾರಾಗಿ ನೋಡಿಕೊಳ್ಳಿ ಎಂದು ಹೇಳಿ ಹೋಗಿದ್ದರು. ಅವರ ಮಾತಿನಲ್ಲೂ ಇವನ ಮಾತಿನಲ್ಲೂ ಸತ್ಯವಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಆ ಪುಟಗಳಲ್ಲಿ ನಿಂತ ಹೆಂಗಸರು ಯಾರ ಮನೆಯವರು, ಯಾವ ಮಾತು ನಂಬಿ ಕ್ಯಾಮೆರಾದ ಮುಂದೆ ಬಂದರು, ಆಮೇಲೆ ಅವರು ಏನಾದರು ಎಂದು ಯಾರೂ ಕೇಳಲಿಲ್ಲ, ಇವನೂ ಹೇಳಲಿಲ್ಲ. ಒಬ್ಬಳ ವಿಷಯ ಮಾತ್ರ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಬಡಿಸಿದ ರೊಟ್ಟಿಯನ್ನೇ ಅವನು ದಿನಾ ಮಧ್ಯಾಹ್ನ ತಿನ್ನುತ್ತಿದ್ದ.

ಲಾರಿ ಸ್ಟ್ಯಾಂಡಿನ ಹಿಂದೆ ತಗಡಿನ ಮಾಡಿನ ಕೆಳಗೆ ಪಂಪಾವತಿಯ ಖಾನಾವಳಿ. ಬೋರ್ಡು ಗೀರ್ಡು ಏನೂ ಇಲ್ಲ, ಆದರೂ ಡ್ರೈವರುಗಳ ಬಾಯಲ್ಲಿ ಅದು ನವಿಲಕ್ಕನ ಖಾನಾವಳಿ. ಅವಳ ಬಲ ಮುಂಗೈ ಮೇಲೆ ಎದುರುಬದುರು ನಿಂತ ಎರಡು ನವಿಲಿನ ಹಚ್ಚೆ. ಒಂದಕ್ಕೆ ಗರಿಯುಂಟು, ಇನ್ನೊಂದಕ್ಕೆ ಬರೀ ತಲೆ, ಕತ್ತು. ಚಿಕ್ಕಂದಿನಲ್ಲಿ ಸೂಜಿಯ ಉರಿ ತಾಳಲಾರದೆ ನಡುವೆಯೇ ಎದ್ದು ಓಡಿದ್ದಳಂತೆ, ನವಿಲು ಅರ್ಧಕ್ಕೇ ನಿಂತುಹೋಯಿತು. ಅಲ್ಲಿ ಊಟಕ್ಕೆ ನೆಲದ ಮೇಲೆ ಸಾಲಾಗಿ ಕೂರಬೇಕು. ಅವಳು ಬಾಗಿ ರೊಟ್ಟಿ ಹಾಕುತ್ತ, ಎಣ್ಣೆಗಾಯಿ ಬಡಿಸುತ್ತ, ಚಟ್ನಿಯ ಮೇಲೆ ಎಣ್ಣೆ ಸುರಿಯುತ್ತ ಸಾಗಿದರೆ ಕೂತವರಿಗೆ ಕಾಣುವುದು ಆ ಕೈ. ಮುಖ ನೋಡಬೇಕೆಂದರೆ ಕತ್ತೆತ್ತಬೇಕು, ಹಸಿದವರು ಕತ್ತೆತ್ತುವುದಿಲ್ಲ.

ಅವಳ ಗಂಡ ಮೂಕಣ್ಣ ಹಿಂದುಗಡೆ ಸೌದೆ ಒಡೆದು, ನೀರು ತುಂಬಿ, ಬಿಡುವಾದಾಗ ಬೇವಿನ ನೆರಳಲ್ಲಿ ಕೂರುವವನು. ಹೆಸರಿಗೆ ತಕ್ಕಂತೆ ಮಾತು ಕಡಿಮೆ.

ಬಹಳ ವರ್ಷಗಳ ಹಿಂದೆ ಒಂದು ಮಧ್ಯಾಹ್ನ, ಗಿರಾಕಿಗಳು ಕರಗಿದ ಮೇಲೆ, ಪಂಪಾವತಿ ಕೊಟ್ರಬಸಪ್ಪನ ಮುಂದೆ ಒಂದು ಮಾತು ತೆಗೆದಿದ್ದಳು.

"ಅಣ್ಣಾರ, ನಿಮ್ಮಂಗಡ್ಯಾಗ ಹಳೇ ಕ್ಯಾಲೆಂಡರ್ ಸಿಗ್ತಾವೇನ್ರಿ? ನಾನೂ ನಮ್ಮನಿಯವ್ರೂ ಹಂಪ್ಯಾಗ ಮಣ್ಣು ಹೊರೋ ಕೆಲಸಕ್ಕ ಹೋಗ್ತಿದ್ವಿ. ನನಗ ಆವಾಗ ಇಪ್ಪತ್ತೆಲ್ಡೋ ಮೂರೋ. ಪ್ಯಾಟಿಯಿಂದ ಒಬ್ಬ ಫೋಟೋದಾಂವ ಬಂದಿದ್ದ. ಹೊಳ್ಯಾಗಿಂದ ಕೊಡ ಹೊತ್ಕಂಡು ಮ್ಯಾಕ ಬಾರವ್ವ, ಗಂಗಮ್ಮನ ಕ್ಯಾಲೆಂಡರ್ ಮಾಡ್ತೀವಿ ಅಂದ. ಮತ್ತ ಮತ್ತ ನೀರಾಗ ಇಳಿಸಿದ ನೋಡ್ರಿ, ಥಂಡಿಗೆ ಹಲ್ಲು ಕಟಕಟ ಅಂದ್ವು. ಕೈತುಂಬ ಗಾಜಿನ ಬಳಿ ಕೊಟ್ಟು ಹ್ವಾದ. ಈಗ ಯಾರ ಮನಿ ಗ್ವಾಡಿ ಮ್ಯಾಗ ಅದೀನೋ ಏನೋ, ಊದಿನಕಡ್ಡಿ ಹಚ್ಚಿಸ್ಕಂತ!"

ಹೇಳಿ ಅವಳು ನಕ್ಕಿದ್ದಳು. ಕೊಟ್ರಬಸಪ್ಪನ ಕೈಲಿದ್ದ ತುತ್ತು ಅಲ್ಲೇ ನಿಂತಿತ್ತು. ಏಕೆಂದರೆ ಆ ಗಂಗಮ್ಮ ಆಗಲೇ ಅವನ ಅಟ್ಟದಲ್ಲಿದ್ದಳು. 'ಚಂದ್ರಶಾಲೆ' ಎಂಬ ಪತ್ರಿಕೆ, ಮುಖಪುಟದಲ್ಲೇ 'ಗಂಡಸರಿಗೆ ಮಾತ್ರ' ಎಂದು ಅಚ್ಚು ಹಾಕಿಸಿಕೊಳ್ಳುತ್ತಿದ್ದಂಥದ್ದು. ಅದರ ಎಪ್ಪತ್ನಾಲ್ಕನೆಯ ಇಸವಿಯ ಜೂನ್ ಸಂಚಿಕೆ. ಬಂಡೆಗಳ ನಡುವೆ ಹೊಳೆಯಿಂದ ಏರಿ ಬರುತ್ತಿರುವ ಹೆಂಗಸು, ತಲೆಯ ಮೇಲೆ ಕೊಡ, ಮೈಗಂಟಿದ ಒದ್ದೆ ಸೀರೆ, ನಗಬೇಕೋ ಬೇಡವೋ ಎಂದು ತಿಳಿಯದ ಮುಖ. ಕೆಳಗೆ ದೊಡ್ಡ ಅಕ್ಷರದಲ್ಲಿ 'ಬಂಡೆಗಳ ನಡುವೆ ಬಳುಕುವ ಬೆಂಕಿ'. ಪತ್ರಿಕೆ ಮುಚ್ಚಿಹೋಗುವ ಮೊದಲಿನ ಕೊನೆಯ ಸಂಚಿಕೆಗಳಲ್ಲೊಂದು. ಹೆಚ್ಚು ಮಾರಾಟವಾಗದೆ ರದ್ದಿಗೆ ಹೋದದ್ದು. ಸಂಗ್ರಹ ಮಾಡುವವರ ನಡುವೆ ಅದು ಬೇರೆ ಯಾರ ಬಳಿಯೂ ಇಲ್ಲವೆಂಬುದೇ ಇವನ ಹೆಮ್ಮೆ.

ಅಂದು ಅವನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಹೇಳಿದರೆ ಪಾಪ ನೊಂದುಕೊಳ್ಳುತ್ತಾಳೆ, ಗಂಗಮ್ಮನೆಂದೇ ತಿಳಿದುಕೊಂಡಿರಲಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಒಳಗಿನ ಮಾತು ಬೇರೆಯೇ ಇತ್ತು: ಹೇಳಿದರೆ ಅವಳು ಅದನ್ನು ಕೇಳುತ್ತಾಳೆ, ಕೇಳಿದರೆ ಕೊಡಬೇಕಾಗುತ್ತದೆ.

ಇದಕ್ಕಿಂತ ಹೀನಾಯವಾದದ್ದು ಇನ್ನೊಂದಿತ್ತು. ಪ್ರತಿ ವರ್ಷ ಹೊಸ ಕ್ಯಾಲೆಂಡರುಗಳು ಬಂದಾಗ ಮೂಕಣ್ಣ ತಲೆಗೆ ಟವೆಲ್ಲು ಸುತ್ತಿಕೊಂಡು ಅಂಗಡಿಗೆ ಬರುತ್ತಿದ್ದ. ಲಕ್ಷ್ಮಿ, ಸರಸ್ವತಿ, ಶಿವಪಾರ್ವತಿಯರನ್ನು ಒಂದೊಂದಾಗಿ ಮಗುಚಿ, ಗಂಗೆಯ ಚಿತ್ರ ಬಂದರೆ ಬೆಳಕಿಗೆ ಹಿಡಿದು ನೋಡಿ, ಮತ್ತೆ ಸುರುಳಿ ಸುತ್ತಿಡುತ್ತಿದ್ದ. "ಈ ವರ್ಷನೂ ಬಂದಿಲ್ಲೇನ್ರಿ?" ಎನ್ನುತ್ತಿದ್ದ. "ಬಂದಿಲ್ಲ ಮೂಕಣ್ಣ," ಎನ್ನುತ್ತಿದ್ದ ಕೊಟ್ರಬಸಪ್ಪ, ಅವಳು ತಲೆಯ ಮೇಲಿನ ಅಟ್ಟದಲ್ಲೇ ಇರುವಾಗ. ಮೊದಮೊದಲು ಹೇಳುವಾಗ ಮುಖ ಆಚೆ ತಿರುಗಿಸುತ್ತಿದ್ದ. ಆಮೇಲೆ ರೂಢಿಯಾಯಿತು.

ಎರಡು ಸಾವಿರದ ಏಳನೆಯ ಇಸವಿಯಲ್ಲಿ ಅವನ ಅಕ್ಕನ ಮಗ ವೀರೇಶ್ ಸಂಡೂರು ರಸ್ತೆಯಲ್ಲಿ ಹೋಟೆಲು ಕಟ್ಟಿಸಿದ. ನೋಡನೋಡುತ್ತ ಟೈರು ಮಾರುತ್ತಿದ್ದ ಹುಡುಗ ಲಾರಿಗಳ ಮಾಲೀಕನಾಗಿದ್ದ. ಅದಿರಿನ ಕಾಲ, ಯಾರು ಯಾವಾಗ ಏನಾಗುತ್ತಾರೆ ಹೇಳುವಂತಿರಲಿಲ್ಲ. ಮುಂದೆ ಊಟದ ಹಾಲು, ಹಿಂದೆ ಬಾರು. ಕುಲದವರು ಮೂಗು ಮುರಿದರೂ ಪ್ರಾರಂಭೋತ್ಸವದ ಕಾರ್ಡು ಸಿಗದವರು ಮಾತ್ರ ಬೇಜಾರು ಮಾಡಿಕೊಂಡರು.

"ಮಾವ, ಬೆಂಗ್ಳೂರ್ನಾಗ ಎಲ್ಲಾ ಹೋಟೆಲ್ನಾಗೂ ಹಳೇ ಸಿನಿಮಾ ಪೋಸ್ಟರ್ ಹಾಕ್ಯಾರ," ಎಂದು ಅಂಗಡಿಗೆ ಬಂದು ಕೂತ ವೀರೇಶ್. "ಅದು ಭಾಳ ಕಾಮನ್ ಆತು. ನಿಮ್ಮ ಪತ್ರಿಕೆ ಕವರ್ ದೊಡ್ಡವು ಮಾಡ್ಸಿ ಗ್ವಾಡಿಗೆ ಹಾಕಿದ್ರ ಮಸ್ತ್ ಆಗತೈತಿ. ಕೆಳಗ ಹಿತ್ತಾಳಿ ಪಟ್ಟ್ಯಾಗ ನಿಮ್ಮ ಹೆಸರು ಕೆತ್ತಸ್ತೀನಿ. ಮಂದಿ ನೋಡ್ಲಿ, ನಮ್ಮ ಮಾವ ಏನು ಮಾಡ್ಯಾನಂತ."

ಹಿತ್ತಾಳೆ ಪಟ್ಟಿ ಎಂಬ ಮಾತು ಕೊಟ್ರಬಸಪ್ಪನ ಕಿವಿಗೆ ಸಕ್ಕರೆ ಸುರಿದಂತಾಯಿತು. ಇಷ್ಟು ವರ್ಷ ಹೆಂಡತಿಯಿಂದ ಬೈಸಿಕೊಂಡು, ಬಜಾರಿನವರ ನಗೆಗೆ ಈಡಾಗಿ ಮಾಡಿದ ಕೆಲಸ. ಒಂದು ಪಟ್ಟಿಯಾದರೂ ಬೇಡವೇ? ಏಣಿ ಇಟ್ಟು ಅಳಿಯನನ್ನು ಮೇಲೆ ಕರೆದುಕೊಂಡು ಹೋದ. ಕುದುರೆ ಸವಾರಿ ಮಾಡುವ ಗಂಡಸು, ಸಿಗರೇಟಿನ ಹೊಗೆಯಲ್ಲಿ ಕಣ್ಣು ಕಿರಿದು ಮಾಡಿದವನು, ಬೆಲ್‌ಬಾಟಮ್ಮಿನವರು, ಇವನ್ನೆಲ್ಲ ಇವನು ತೆಗೆತೆಗೆದು ಕೊಡುತ್ತಿದ್ದರೆ ವೀರೇಶ್ ತಾನೇ ಕೈಹಾಕಿ ಜೂನ್ ಸಂಚಿಕೆಯನ್ನು ಎಳೆದ.

"ಮಾವ! ಇದು ನಮ್ಮ ಹಂಪಿ ಹೊಳಿ! ಬಾಗ್ಲದಾಗ ಬಂದೋರಿಗೆ ಎದುರಿಗೆ ಇದ ಕಾಣ್ಬೇಕು."

"ಅದು ಬ್ಯಾಡೋ."

"ಯಾಕ್ರಿ?"

ಯಾಕೆಂದು ಹೇಳಲು ಕೊಟ್ರಬಸಪ್ಪನಿಗೆ ಬಾಯಿ ಬರಲಿಲ್ಲ. ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ವೀರೇಶ್ ಕೆಟ್ಟವನೇನಲ್ಲ. ಆದರೆ ಹೇಳಿದರೆ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡದ್ದೂ ಹೊರಗೆ ಬರುತ್ತದಲ್ಲ. ತಲೆ ಕೆರೆದುಕೊಂಡು ಅವನೊಂದು ಉಪಾಯ ಹುಡುಕಿದ: "ಹಾಕಾದಾದ್ರ ಹಾಕು. ಆದ್ರ ಮುಖದ ಮ್ಯಾಗ ಪತ್ರಿಕೆ ಹೆಸರಿನ ಪಟ್ಟಿ ಬರೋ ಹಂಗ ಮಾಡ್ಸು. ಯಾರ ಮನಿ ಹೆಣ್ಮಗಳೋ ಏನೋ, ಮುಖ ಕಾಣೋದು ಬ್ಯಾಡ."

ಮುಖ ಮುಚ್ಚಿದರೆ ಮಾನ ಮುಚ್ಚಿತು ಎಂದು ನಂಬಿದ ಮನೆತನ ಅವನದು. ಹಿರಿಯರು ಬಂದರೆ ಹೆಂಗಸರು ಸೆರಗನ್ನು ಹುಬ್ಬಿನವರೆಗೆ ಎಳೆದುಕೊಳ್ಳುವುದನ್ನು ನೋಡುತ್ತ ಬೆಳೆದವನು. ಆ ಕಾಲದ ಅಗ್ಗದ ಬಣ್ಣದಚ್ಚಿನಲ್ಲಿ ಕೊಡ ಹಿಡಿದ ಕೈಯ ಮೇಲೆ ಇದ್ದದ್ದು ಮಸಿ ಕದಡಿದಂಥ ಒಂದು ಗುರುತು ಮಾತ್ರ. ಅದರ ಕಡೆ ಅವನ ಲಕ್ಷ್ಯವೇ ಹೋಗಲಿಲ್ಲ. ಮುಖಕ್ಕೆ ಪಟ್ಟಿ ಹಾಕಿಸಿ, ಒಂದು ಪುಣ್ಯದ ಕೆಲಸ ಮಾಡಿದವನಂತೆ ಹಗುರಾಗಿ ಏಣಿ ಇಳಿದ.

ಪ್ರಾರಂಭೋತ್ಸವದ ಸಂಜೆ ಹೊಸ ಜರಿ ಶಲ್ಯ ಹೊದ್ದು ಹೋಟೆಲಿನ ಬಾಗಿಲು ದಾಟಿದ. ಎದುರಿನ ಗೋಡೆಯ ಮೇಲೆ, ಆಳೆತ್ತರಕ್ಕಿಂತ ಎತ್ತರವಾಗಿ, ಪಂಪಾವತಿ. ಮುಖಕ್ಕೆ ಪಟ್ಟಿ ಬಿದ್ದಿತ್ತು, ನಿಜ. ಆದರೆ ಫ್ಲೆಕ್ಸ್ ಮಾಡಿದವನು ಕಂಪ್ಯೂಟರಿನಲ್ಲಿ ಹಳೆಯ ಅಚ್ಚಿನ ಮಬ್ಬನ್ನೆಲ್ಲ ತೊಳೆದು, ಗೆರೆಗಳನ್ನು ತೀಡಿ, ಬೆಳಕು ಏರಿಸಿದ್ದ. ಕೊಡ ಹಿಡಿದ ಬಲಗೈ ಎಲ್ಲರ ಕಣ್ಣೆದುರಿಗೆ ಚಾಚಿತ್ತು. ಅದರ ಮೇಲೆ ಗರಿಯಿದ್ದ ಒಂದು ನವಿಲು, ಕತ್ತಿನವರೆಗಷ್ಟೇ ಇದ್ದ ಇನ್ನೊಂದು.

ಹೊಸಪೇಟೆ, ಸಂಡೂರು, ತೋರಣಗಲ್ಲಿನ ಲಾರಿಯವರಲ್ಲಿ ಆ ಕೈಯಿಂದ ರೊಟ್ಟಿ ತಿನ್ನದವರು ಯಾರು? ಮುಖವನ್ನು ಹಾಗೇ ಬಿಟ್ಟು ಕೈ ಮುಚ್ಚಿಸಿದ್ದರೂ ಯಾರೂ ಗುರುತು ಹಿಡಿಯುತ್ತಿರಲಿಲ್ಲವೇನೋ. ಮೂವತ್ತು ವರ್ಷದ ಹಿಂದಿನ ಮುಖ ಅದು, ಯಾರಿಗೆ ಗೊತ್ತಾಗಬೇಕು?

ಅವನು ಓಡಿ ಹೋಗಿ ವೀರೇಶನ ತೋಳು ಹಿಡಿದ. "ಆ ನಡುವಿಂದು ತೆಗೆಸು. ಈಗಿಂದೀಗ ತೆಗೆಸು."

"ಮಾವ, ಈಗ ಬಿಚ್ಚಿದ್ರ ಗ್ವಾಡಿ ಬೋಳ ಕಾಣತೈತಿ. ಮಂದಿ ಬರಾಕ ಹತ್ಯಾರ. ಏನಿದ್ರೂ ನಾಳಿ ನೋಡೂಣಂತ."

ಅಷ್ಟರಲ್ಲಿ ಯಾರೋ ಮೈಕಿನಲ್ಲಿ ಅವನ ಹೆಸರು ಕೂಗಿದರು. ಅಪರೂಪದ ಸಂಗ್ರಾಹಕರು, ನಮ್ಮ ಭಾಗದ ಹೆಮ್ಮೆ ಎಂದೆಲ್ಲ ಹೊಗಳಿ ಗುಲಾಬಿ ಹಾರ ತಂದರು. ಆ ಹಾರವನ್ನು ತಳ್ಳಿ, ಗೋಡೆ ಹತ್ತಿ, ಆ ಫ್ಲೆಕ್ಸನ್ನು ಹರಿದು ಎಸೆದಿದ್ದರೆ ಕೊಟ್ರಬಸಪ್ಪ ಮನುಷ್ಯನಾಗುತ್ತಿದ್ದ. ಒಂದು ಸಂಜೆಯ ಮಾತಲ್ಲವೇ ಎಂದುಕೊಂಡು ಅವನು ಕತ್ತು ಬಗ್ಗಿಸಿದ. ಫೋಟೋ ತೆಗೆದರು. ಹಿಂದೆ ಗೋಡೆಯ ಮೇಲೆ ಅವಳು, ಕೆಳಗೆ ಹಿತ್ತಾಳೆ ಪಟ್ಟಿ, ಅದರ ಮುಂದೆ ಹಾರ ಹಾಕಿಕೊಂಡ ಇವನು. ಫೋಟೋಗೆ ನಕ್ಕಿದ್ದ ಕೂಡ.

ವೇದಿಕೆ ಇಳಿಯುವಾಗ ಬಾಗಿಲ ಬಳಿಯಿಂದ ಯಾವನೋ ಡ್ರೈವರನ ದನಿ ಕೇಳಿತು: "ಲೇ, ಇದು ನವಿಲಕ್ಕನ ಕೈ ಅಲ್ಲೇನಲೇ?" ಹೋ ಎಂದು ನಗೆ. ಮೊಬೈಲುಗಳು ಮೇಲೆದ್ದವು.

ಮರುದಿನ ಕೊಟ್ರಬಸಪ್ಪ ಊಟಕ್ಕೆ ಹೋಗಲಿಲ್ಲ. ಅಂಗಡಿಯಲ್ಲೇ ಬಾಳೆಹಣ್ಣು ತಿಂದ. ಅದರ ಮರುದಿನವೂ ಅಷ್ಟೇ. ಬಸ್‌ಸ್ಟ್ಯಾಂಡಿಗೆ ಲಾರಿ ಸ್ಟ್ಯಾಂಡಿನ ದಾರಿ ಬಿಟ್ಟು ಸುತ್ತುಹಾಕಿ ಹೋದ. ಮನೆಯಲ್ಲಿ ಎರ್ರಮ್ಮ "ಮೈಯಾಗ ಚೊಲೋ ಇಲ್ಲೇನು?" ಎಂದರೆ ಹೊಟ್ಟೆಯ ನೆಪ ಹೇಳಿದ. ವೀರೇಶನಿಗೆ ಫೋನಿನಲ್ಲಿ ಬೈದು, ಕಡೆಗೆ ತಾನೇ ಹೋಗಿ ನಿಂತು ಫ್ಲೆಕ್ಸನ್ನು ಬಿಚ್ಚಿಸಿದ್ದೂ ಆಯಿತು. ಆದರೆ ಗೋಡೆಯಿಂದ ಇಳಿದದ್ದು ಆಗಲೇ ಊರಿನ ಮೊಬೈಲುಗಳಲ್ಲಿ ಓಡಾಡುತ್ತಿತ್ತು.

ಕೊನೆಗೆ ಒಂದು ಮಧ್ಯಾಹ್ನ ಪಂಪಾವತಿಯೇ ಅಂಗಡಿಗೆ ಬಂದಳು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ಹಾಕಿಕೊಂಡಿದ್ದಳು, ಮಣಿಕಟ್ಟಿನ ಗುಂಡಿಯನ್ನೂ ಬಿಡದೆ. ಅದಿರು ಒಡೆಯುವ ಹೆಂಗಸರು ಧೂಳಿಗೆ ಹಾಗೆ ಹಾಕಿಕೊಳ್ಳುವುದುಂಟು. ಇವಳು ಒಲೆಯ ಮುಂದಿನಿಂದ ಎದ್ದು ಬಂದಿದ್ದಳು. ಅಂಗಿಯ ಬೆನ್ನು ಪೂರಾ ತೊಯ್ದಿತ್ತು.

"ಊಟಕ್ಕ ಬರ್ಲಿಲ್ಲಲ್ರಿ ಅಣ್ಣಾರ."

"ಮೈಯಾಗ ಸರಿ ಇದ್ದಿಲ್ಲ ಪಂಪಕ್ಕ. ಕುಂದ್ರವ್ವ."

ಅವಳು ಕೂರಲಿಲ್ಲ. "ಹುಡುಗ್ರು ಮೊಬೈಲ್ನಾಗ ತೋರಿಸಿದ್ರು. ಕೆಳಗ ನಿಮ್ಮ ಹೆಸರೈತಂತ, ಓದಿ ಹೇಳಿದ್ರು. ಯಾವತ್ತಿಂದ ಐತ್ರಿ ಅದು ನಿಮ್ಮ ಕಡಿ?"

"ಭಾಳ ವರ್ಷ ಆತು."

"ನಾ ಕ್ಯಾಲೆಂಡರ್ ವಿಷ್ಯ ಹೇಳ್ದಾಗ?"

"ಇತ್ತು."

"ನಮ್ಮನಿಯವ್ರು ಬಂದು ಇಲ್ಲೇ ನಿಂತು ಹುಡುಕ್ತಿದ್ರಲ್ಲ, ಆವಾಗ?"

ಕೊಟ್ರಬಸಪ್ಪ ಗಲ್ಲಾಪೆಟ್ಟಿಗೆಯ ಮೇಲಿನ ಪೆನ್ಸಿಲ್ ಡಬ್ಬಿಯನ್ನು ಅತ್ತಿತ್ತ ಸರಿಸಿದ. "ಇತ್ತವ್ವ," ಎಂದ.

"ಅವ್ರು ದರೋಜಿಗೆ ಹೋದ್ರು, ತಂಗಿ ಮನಿಗೆ," ಎಂದಳು ಅವಳು. "ಬೈಲಿಲ್ಲ, ಬಡೀಲಿಲ್ಲ. 'ವರ್ಷ ವರ್ಷಾ ಹೋಗಿ ಹುಡುಕ್ದೆನಲ್ಲೇ' ಅಂತ ಅಷ್ಟ ಅಂದ್ರು. ಬೈದಿದ್ರ ಚೊಲೋ ಇತ್ರಿ." ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಂಡಳು. "ನೀವು ದಿನಾ ಬಂದು ಕುಂದ್ರತಿದ್ರಿ. ಈ ಕೈಯಾಗ ರೊಟ್ಟಿ ಹಾಕಿಸ್ಕಂಡ್ರಿ. ತಿನ್ನುವಾಗ ಏನು ನೋಡ್ತಿದ್ರಿ ಅಣ್ಣಾರ?"

ನಿಜವಾದ ಉತ್ತರ ಅವನಿಗೆ ಗೊತ್ತಿತ್ತು. ನೋಡಿದ್ದ. ಎಷ್ಟೋ ಮಧ್ಯಾಹ್ನ ಅವಳು ಬಾಗಿ ಬಡಿಸುವಾಗ, ಆ ಹೊಳೆಯ ಹೆಂಗಸು ಇವಳೇ, ಇದು ಈ ಸಾಲಿನಲ್ಲಿ ನನ್ನೊಬ್ಬನಿಗೆ ಮಾತ್ರ ಗೊತ್ತು ಎಂದು ಒಳಗೊಳಗೇ ಸವಿದಿದ್ದ. ಅಣ್ಣಾ ಎಂದು ಕರೆಯುವವಳನ್ನು ಕುರಿತು.

"ತಪ್ಪಾತು," ಎಂದ.

"ತಪ್ಪಾತು ಅಂದ್ರ ಅವ್ರು ಬರಂಗಿಲ್ಲ. ನಾನ ಹೋಗಿ ಕರ್ಕಂಡು ಬರ್ತೀನಿ. ನೀವು ಅದನ್ನ ತಂದು ಅವ್ರ ಮುಂದ ನನ್ನ ಒಲಿಗೆ ಹಾಕ್ರಿ. ಅದು ಇನ್ನ ಎಲ್ಲೂ ಇಲ್ಲ ಅಂತ ಅವ್ರ ಕಣ್ಣಿಗೆ ಕಾಣ್ಬೇಕು. ನನಗ ಬ್ಯಾರೆ ಏನೂ ಬ್ಯಾಡ."

"ಹಾಕ್ತೀನಿ," ಎಂದ ಅವನು. ಆ ಘಳಿಗೆಯಲ್ಲಿ ಆ ಮಾತಿಗೆ ಮೋಸವಿರಲಿಲ್ಲ.

ಮೂಕಣ್ಣ ಬಂದನೆಂದು ತಿಳಿದ ಬೆಳಿಗ್ಗೆ ಕೊಟ್ರಬಸಪ್ಪ ಅಂಗಡಿ ತೆರೆದವನೇ ಅಟ್ಟ ಹತ್ತಿದ. ಜೂನ್ ಸಂಚಿಕೆ ಅವನ ಬಳಿ ಒಂದಲ್ಲ, ಎರಡಿದ್ದವು. ಮೊದಲನೆಯದು ಸಲೂನಿನಿಂದ ಬಂದದ್ದು: ಮೂಲೆ ಹರಿದು, ನೀರು ಕುಡಿದು, ಹಾಳೆಗಳು ಅಂಟಿಕೊಂಡಿದ್ದವು. ಎರಡನೆಯದನ್ನು ವರ್ಷಗಟ್ಟಲೆ ಹುಡುಕಿ ತಂದಿದ್ದ. ಯಾರೂ ಬಿಚ್ಚಿ ಓದಿರಲಿಲ್ಲವೇನೋ, ಹೊಳೆಯ ನೀಲಿ ಇನ್ನೂ ನೀಲಿಯಾಗಿತ್ತು. ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಕೂತ. ಎರಡನ್ನೂ ಒಯ್ಯಬೇಕು, ಅದರಲ್ಲಿ ಯೋಚಿಸುವಂಥದ್ದೇನೂ ಇಲ್ಲ. ಇದೊಂದು ಹೋದರೆ ಈ ಸಂಚಿಕೆ ಲೋಕದಲ್ಲೇ ಇರುವುದಿಲ್ಲ ಎಂದು ಒಂದು ಮನಸ್ಸು ಹೇಳಿತು. ಹೋಗಲಿ, ಇರದಿದ್ದರೆ ಏನಾಯಿತು ಎಂದಿತು ಇನ್ನೊಂದು. ಒಳ್ಳೆಯ ಪ್ರತಿಯ ಬೆನ್ನಿಗೆ ತಾನೇ ಹಾಕಿದ ಬಿಳಿ ಹೊಲಿಗೆಯನ್ನು ಬೆರಳಿನಿಂದ ಸವರಿದ. ಕೆಳಗೆ ಯಾರೋ ಗಿರಾಕಿ "ಯಾರದೀರ್ರಿ?" ಎಂದು ಕೂಗಿದರು. ಅವನು ಒಳ್ಳೆಯದನ್ನು ಬೇವಿನ ಎಲೆಗಳ ನಡುವೆ ಇಟ್ಟು, ಹರಿದದ್ದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಇಳಿದ.

ಖಾನಾವಳಿಯಲ್ಲಿ ಇನ್ನೂ ಗಿರಾಕಿಗಳಿರಲಿಲ್ಲ. ಒಲೆ ಹೊತ್ತಿತ್ತು. ಮೂಕಣ್ಣ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ, ಮುಖ ಇಳಿದಿತ್ತು. ಪಂಪಾವತಿ ಅದೇ ಅಂಗಿಯಲ್ಲಿ ಹಿಟ್ಟು ನಾದುತ್ತಿದ್ದಳು. ಕೊಟ್ರಬಸಪ್ಪ ಪತ್ರಿಕೆಯನ್ನು ಚಾಚಿದ. ಅವಳು ತಟ್ಟನೆ ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿಕೊಂಡಳು.

ಮೂಕಣ್ಣ ಅದನ್ನು ತೆಗೆದುಕೊಂಡ. ಬೆಳಕಿಗೆ ಹಿಡಿಯಲಿಲ್ಲ. "ಇದೊಂದನೇನ್ರಿ?" ಎಂದು ಕೇಳಿದ.

"ಇದೊಂದ."

"ಮತ್ತೆಲ್ಲೂ ಇಲ್ಲಲ್ರಿ?"

"ಇಲ್ಲ ಮೂಕಣ್ಣ," ಎಂದ ಕೊಟ್ರಬಸಪ್ಪ.

ಪತ್ರಿಕೆ ಒಲೆಗೆ ಹೋಯಿತು. ಅಂಟಿಕೊಂಡ ಹಾಳೆಗಳು ಬೇಗ ಹತ್ತಲಿಲ್ಲ; ಮೂಕಣ್ಣ ಕೊಳ್ಳಿಯಿಂದ ಚುಚ್ಚಿ ಚುಚ್ಚಿ ಬಿಡಿಸಬೇಕಾಯಿತು. ಹೊಗೆಗೆ ಮೂವರ ಕಣ್ಣಲ್ಲೂ ನೀರು ಬಂತು. ಪೂರಾ ಬೂದಿಯಾದ ಮೇಲೆ ಮೂಕಣ್ಣ ಎದ್ದು ಇವನ ಮುಂದೆ ಕೈ ಜೋಡಿಸಿದ. "ಭಾಳ ಜತನ ಮಾಡಿದ್ರಂತ ಕೇಳೀನಿ. ನಮ್ಮ ಸಲುವಾಗಿ ಸುಟ್ರಿ. ದೊಡ್ಡ ಮನಸು ನಿಮ್ದು," ಎಂದ. ಅವನು ಅಷ್ಟು ಉದ್ದ ಮಾತಾಡಿದ್ದನ್ನು ಕೊಟ್ರಬಸಪ್ಪ ಯಾವತ್ತೂ ಕೇಳಿರಲಿಲ್ಲ. ಆ ಜೋಡಿಸಿದ ಕೈಗಳನ್ನು ಬಿಡಿಸುವ ಧೈರ್ಯವೂ ಬರಲಿಲ್ಲ, ಸಹಿಸುವ ಶಕ್ತಿಯೂ ಇರಲಿಲ್ಲ.

ಆಮೇಲೆ ಅವನು ಊಟ ಬಿಡುವಂತೆಯೂ ಇರಲಿಲ್ಲ. ಬಿಟ್ಟರೆ ಯಾಕೆ ಎಂದು ಕೇಳುತ್ತಾರೆ, ಸಂಶಯ ಬರುತ್ತದೆ. ದಿನಾ ಹೋದ. ಡ್ರೈವರುಗಳ ನಗೆ ಮೆಲ್ಲಗೆ ಸತ್ತಿತು. ಒಬ್ಬ ಬಾಯಿ ಬಿಟ್ಟಿದ್ದಕ್ಕೆ ಮೂಕಣ್ಣ ಸೌದೆಯ ತುಂಡು ಹಿಡಿದು ಸುಮ್ಮನೆ ಎದುರಿಗೆ ನಿಂತನಂತೆ, ಅಲ್ಲಿಗೆ ಮುಗಿಯಿತು. ಪಂಪಾವತಿ ಮೊದಮೊದಲು ಅಂಗಿಯಲ್ಲೇ ಬಡಿಸಿದಳು. ಬೇಸಿಗೆ ಏರಿದಂತೆ ತೋಳು ಮಡಚಿದಳು. ಒಂದು ದಿನ ಅಂಗಿಯನ್ನು ಗೂಟಕ್ಕೆ ಹಾಕಿ, ಮುಂಚಿನಂತೆ ಬರಿಗೈಯಲ್ಲಿ ರೊಟ್ಟಿ ತಂದಳು. ಸಾಲಿನಲ್ಲಿ ಮೊದಲು ಹಾಕಿದ್ದು ಕೊಟ್ರಬಸಪ್ಪನ ತಾಟಿಗೆ. ಮೇಲೆ ಮೊಸರಿನ ಕೆನೆ. ಎಲ್ಲರಿಗೂ ಕೇಳುವಂತೆ, "ಅಣ್ಣಾರು ನನ್ನ ಮಾನ ಉಳಿಸಿದ್ರು," ಎಂದಳು. ಅವನು ತಾಟಿನಿಂದ ಕಣ್ಣೆತ್ತಲಿಲ್ಲ.

ಗಿರಾಕಿಗಳು ಎದ್ದು ಹೋದ ಮೇಲೆ ಅವಳು ಇನ್ನೊಂದು ಬಿಸಿ ರೊಟ್ಟಿ ತಂದು, ಹಾಕಿ, ಅಲ್ಲೇ ನಿಂತಳು. ಒಲೆಯ ಕಡೆ ಒಮ್ಮೆ ನೋಡಿದಳು. ಮೂಕಣ್ಣ ಹಿಂದುಗಡೆ ನೀರು ತುಂಬುತ್ತಿದ್ದ. ದನಿ ತಗ್ಗಿಸಿದಳು.

"ಅಣ್ಣಾರ, ಒಂದು ಮಾತು ಕೇಳ್ಲಾ? ನಗಬಾರ್ದು ಮತ್ತ. ಅವತ್ತು ಅದು ಸುಡುವಾಗ ನಾ ಕಣ್ಣು ಮುಚ್ಕಂಡೆ ನೋಡ್ರಿ. ಮೊಬೈಲ್ನಾಗ ಮುಖ ಇದ್ದಿಲ್ಲ. ಆ ವಯಸಿನಾಗ ನನ್ನವು ಒಂದೂ ಫೋಟೋ ಇಲ್ಲ, ಮದಿವ್ಯಾಗೂ ತೆಗಿಸಿದ್ದಿಲ್ಲ. ಈಗ ಒಂದೊಂದ್ಸಲ ಅನಸತೈತಿ, ಒಂದು ಸಲನರ ನೋಡಿ ಸುಡಬೇಕಿತ್ತು ಅಂತ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನೀವು ನೋಡೀರಿ. ಚಂದ ಕಾಣ್ತಿದ್ನೇನ್ರಿ?"

ಅಟ್ಟ ಅಲ್ಲಿಂದ ಎಷ್ಟು ದೂರ, ಒಂದು ಬೀದಿ ದಾಟಿದರೆ ಅಂಗಡಿ. ಅವಳು ಕೈ ತೊಳೆದು ಬರುವಷ್ಟರಲ್ಲಿ ತಂದು ಅವಳ ಮುಂದೆ ಇಡಬಹುದಿತ್ತು, ಒಂದು ಕಲೆಯಿಲ್ಲದಂತೆ, ಹೊಳೆ, ಬಂಡೆ, ನಗಬೇಕೋ ಬೇಡವೋ ತಿಳಿಯದ ಆ ಮುಖ. ಯಾರಿಗಾಗಿ ಇಷ್ಟು ವರ್ಷ ಧೂಳು ಕೂರದಂತೆ ಕಾಯ್ದೆ ಎಂದು ಯಾರಾದರೂ ಕೇಳಿದರೆ ಕೊಡಬಹುದಾದ ಒಂದೇ ಉತ್ತರ ಎದುರಿಗೆ ಬಂದು ನಿಂತಿತ್ತು. ಹಿಂದುಗಡೆ ಮೂಕಣ್ಣ ಕೊಡ ಇಳಿಸಿದ ಸದ್ದಾಯಿತು.

"ನೆನಪಿಲ್ಲವ್ವ," ಎಂದ ಕೊಟ್ರಬಸಪ್ಪ.

"ಹೌದಲ್ಲ, ಎಷ್ಟಂತ ನೆನಪಿರ್ತಾವ ಅವೆಲ್ಲ," ಎಂದು ಅವಳೇ ಸಮಾಧಾನ ಹೇಳಿದಳು. "ತಿನ್ರಿ, ರೊಟ್ಟಿ ಆರತೈತಿ."

ಅವನು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ.